ಹೊರದೇಶದ ಶಾಲೆಗೆ ಹೊರಡುವ ಮುನ್ನ ಅರೇಹಳ್ಳಿಯಲ್ಲಿ ಕಲಿಯಬೇಕಾದ್ದು

ಬಿ.ಇಡಿ. ಓದುತ್ತಿರುವ ಹುಡುಗ ಹುಡುಗಿಯರು ಈಚೆಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: “ಕೋರ್ಸ್ ಮುಗಿಯೋದ್ರೊಳಗೆ ಬೇರೆ ದೇಶದ ಸ್ಕೂಲಲ್ಲಿ ಸ್ವಲ್ಪ ದಿನ ಪಾಠ ಮಾಡಿ ಬರೋಕೆ ಆಗುತ್ತಾ ಸಾರ್?” ಕೇಳುವವರಲ್ಲಿ ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಹೋಬಳಿಗಳ ಮಕ್ಕಳೂ ಇದ್ದಾರೆ. ಅಪ್ಪ ತೋಟದ ರೈಟರ್ ಆಗಿರುವವರು, ಎರಡು ಮೂರು ಎಕರೆ ಕಾಫಿ ಇರುವ ಮನೆಯವರು, ಬೆಳಗಿನ ಬಸ್ಸು ಹಿಡಿದು ಬೇಲೂರಿಗೋ ಹಾಸನಕ್ಕೋ ಹೋಗಿ ಓದುವವರು. ಆಗುತ್ತದೆ ಎಂಬುದೇ ನನ್ನ ಉತ್ತರ. ಆದರೆ ಅದಕ್ಕೆ ಬೇಕಾದ ತಯಾರಿ ಬೆಂಗಳೂರಿನ ಏಜೆಂಟರ ಕಚೇರಿಯಲ್ಲಿ ಶುರುವಾಗುವುದಿಲ್ಲ. ನಿಮ್ಮೂರಿನ ಶಾಲೆಯಲ್ಲೇ ಶುರುವಾಗುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ವಿದ್ಯಾರ್ಥಿ ಶಿಕ್ಷಕರಾಗಿ ಹೋಗುವವರು ಅಲ್ಲಿ ಪೂರ್ಣ ಶಿಕ್ಷಕರಲ್ಲ. ತರಗತಿಯ ಹೊಣೆ ಅಲ್ಲಿನ ಶಿಕ್ಷಕರದ್ದು. ನೀವು ಅವರ ಪಾಠ ನೋಡುತ್ತೀರಿ, ಗುಂಪು ಚಟುವಟಿಕೆಯಲ್ಲಿ ನೆರವಾಗುತ್ತೀರಿ, ಹಿಂದುಳಿದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತೀರಿ, ವಾರಕ್ಕೆ ಕೆಲವು ಪಾಠಗಳನ್ನು ಅವರ ಎದುರಿನಲ್ಲೇ ಮಾಡುತ್ತೀರಿ. ಸಂಬಳವಿಲ್ಲ, ಒಳ್ಳೆಯ ಯೋಜನೆಗಳಲ್ಲಿ ಊಟ, ವಸತಿ, ಕೈಖರ್ಚು ಸಿಗಬಹುದು. ‘ಬಂದ ಮರುದಿನವೇ ಒಂದು ತರಗತಿ ನಿಮ್ಮ ಕೈಗೆ ಕೊಡುತ್ತೇವೆ’ ಎಂದು ಯಾವುದಾದರೂ ಸಂಸ್ಥೆ ಹೇಳಿದರೆ ಅದನ್ನು ಅನುಕೂಲ ಎಂದುಕೊಳ್ಳಬೇಡಿ. ತರಬೇತಿ ಮುಗಿಯದವರ ಕೈಗೆ ಮಕ್ಕಳನ್ನು ಬಿಟ್ಟುಕೊಡುವ ಶಾಲೆ ನಿಮಗೂ ಏನನ್ನೂ ಕಲಿಸುವುದಿಲ್ಲ.

ಇನ್ನೊಂದು ಮಾತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಪ್ರಕಾರ ಬಿ.ಇಡಿ. ಎರಡು ವರ್ಷದ ಕೋರ್ಸು. ಅದರಲ್ಲಿ 20 ವಾರ ಶಾಲಾ ಇಂಟರ್ನ್‌ಷಿಪ್ ಮಾಡಲೇಬೇಕು. ಹೊರದೇಶದಲ್ಲಿ ಮಾಡಿದ ಸ್ವಯಂಸೇವೆಯನ್ನು ಈ 20 ವಾರದ ಲೆಕ್ಕಕ್ಕೆ ಹಿಡಿಯುತ್ತಾರೆಂದು ನಂಬಿ ಹೊರಡಬೇಡಿ. ಕಾಲೇಜಿನ ಪ್ರಾಂಶುಪಾಲರ ಲಿಖಿತ ಒಪ್ಪಿಗೆ ಕೈಯಲ್ಲಿರಲಿ, ಪ್ರವಾಸ ಸೆಮಿಸ್ಟರ್ ನಡುವಿನ ರಜೆಯಲ್ಲಿರಲಿ, ಇಲ್ಲವೇ ಕೊನೆಯ ಪರೀಕ್ಷೆ ಮುಗಿದ ಮೇಲಿರಲಿ. ಹಾಜರಾತಿ ಕಡಿಮೆಯಾಗಿ ಒಂದು ವರ್ಷ ಕಳೆದುಕೊಳ್ಳುವಷ್ಟು ದೊಡ್ಡದು ಈ ಅನುಭವ ಅಲ್ಲ.

ಭಾಷೆ ಗೊತ್ತಿಲ್ಲದ ಮಗುವಿನ ಮುಂದೆ

ಹೊರದೇಶದ ತರಗತಿಯಲ್ಲಿ ನಿಮಗೆ ಎದುರಾಗುವ ಕಷ್ಟಗಳಲ್ಲಿ ದೊಡ್ಡದು ಯಾವುದು? ಚಳಿಯಲ್ಲ, ಊಟವಲ್ಲ. ನೀವು ಹೇಳಿದ್ದು ಮಗುವಿಗೆ ಅರ್ಥವಾಗುವುದಿಲ್ಲ, ಮಗು ಹೇಳಿದ್ದು ನಿಮಗೆ ಅರ್ಥವಾಗುವುದಿಲ್ಲ. ಈ ಕಷ್ಟವನ್ನು ಅನುಭವಿಸಿ ನೋಡಲು ವಿಮಾನ ಹತ್ತಬೇಕಾಗಿಲ್ಲ. ಹಾಸನ, ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಈಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕುಟುಂಬಗಳು ಕೆಲಸಕ್ಕೆ ಬರುತ್ತವೆ. ತೋಟದ ಲೈನ್ ಮನೆಗಳಲ್ಲಿ ಅವರ ಮಕ್ಕಳಿದ್ದಾರೆ. ಅಸ್ಸಾಮಿ, ಬಂಗಾಳಿ, ಸಾದ್ರಿ, ಹಿಂದಿ ಮಾತಾಡುವ ಮಗು ಒಂದು ದಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಕೊಯ್ಲು ಮುಗಿದ ಮೇಲೆ ಕೆಲವು ಕುಟುಂಬಗಳು ಊರಿಗೆ ಹೊರಟುಬಿಡುತ್ತವೆ, ಮಗು ಶಾಲೆ ಬಿಡುತ್ತದೆ. ಇಂಥ ವಲಸೆ ಕಾರ್ಮಿಕರ ಮಕ್ಕಳಿಗೆಂದು ಸರ್ವ ಶಿಕ್ಷಾ ಅಭಿಯಾನದ ಕಾಲದಿಂದಲೂ ಕರ್ನಾಟಕದಲ್ಲಿ ಟೆಂಟ್ ಶಾಲೆಗಳನ್ನು ನಡೆಸಿದ್ದಾರೆ. ತೋಟದ ಮಕ್ಕಳ ಪಾಲಿಗೆ ಮಾತ್ರ ಹತ್ತಿರದ ಸರ್ಕಾರಿ ಶಾಲೆಯೇ ಬಹುಮಟ್ಟಿಗೆ ಗತಿ, ಅಲ್ಲಿನ ಒಬ್ಬರೋ ಇಬ್ಬರೋ ಮೇಷ್ಟ್ರುಗಳೇ ಎಲ್ಲ ತರಗತಿಗಳನ್ನೂ ನಿಭಾಯಿಸಬೇಕು.

ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಫಿ ಕೊಯ್ಲಿನ ಕಾಲದಲ್ಲಿ ಇಂಥದೊಂದು ಶಾಲೆಯಲ್ಲಿ ವಾರಕ್ಕೆರಡು ದಿನ ಕೂತು ನೋಡಿ. ಕಾಫಿ ಹಣ್ಣು, ಕಾಳುಮೆಣಸು, ಸಣ್ಣ ಕಲ್ಲು ಇಟ್ಟುಕೊಂಡು ಎಣಿಕೆ ಕಲಿಸುವಾಗ ಮಾತು ಬೇಕಾಗುವುದಿಲ್ಲ. ಐದು ಹಣ್ಣು ಇಟ್ಟು ಎರಡು ತೆಗೆದರೆ ಎಷ್ಟು ಉಳಿಯಿತು ಎಂಬುದನ್ನು ಮಗು ಬೆರಳಿನಲ್ಲೇ ತೋರಿಸುತ್ತದೆ. ಆದರೆ ‘ಕಳೆದು ಬರೆಯಿರಿ’ ಎಂದು ಹಲಗೆಯ ಮೇಲೆ ಬರೆದ ಕೂಡಲೇ ಅದೇ ಮಗು ಸುಮ್ಮನಾಗುತ್ತದೆ. ಲೆಕ್ಕ ಬರುತ್ತದೆ, ಬಾರದಿರುವುದು ನಮ್ಮ ಭಾಷೆ. ಈ ಎರಡನ್ನೂ ಬೇರೆ ಬೇರೆಯಾಗಿ ಕಾಣಬಲ್ಲ ಕಣ್ಣು ಒಬ್ಬ ವಿದ್ಯಾರ್ಥಿ ಶಿಕ್ಷಕನಿಗೆ ಬಂದರೆ ಅವನು ಕಠ್ಮಂಡುವಿನಲ್ಲೂ ಪಾಠ ಮಾಡಬಲ್ಲ, ಬರ್ಲಿನ್‌ನಲ್ಲೂ ಮಾಡಬಲ್ಲ. ಅದು ಬಾರದೆ ಹೋದರೆ ಅಲ್ಲಿ ಹೋಗಿ ಮೂಲೆಯಲ್ಲಿ ನಿಂತು ಫೋಟೊ ತೆಗೆಸಿಕೊಂಡು ಬರಬೇಕಷ್ಟೆ.

ನಮ್ಮ ರಾಜ್ಯದ ಶಾಲೆಗಳಿಂದ ಹೊರಗೆ ಕೊಂಡೊಯ್ಯಬಹುದಾದ ಒಂದು ದೊಡ್ಡ ವಿದ್ಯೆಯೂ ಇದೆ, ಅದು ನಲಿ-ಕಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಶುರುಮಾಡಿದ ಪದ್ಧತಿ ಇದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂರುತ್ತಾರೆ, ಕಲಿಕಾ ಏಣಿಯ ಮೇಲೆ ತಮ್ಮ ತಮ್ಮ ಮೆಟ್ಟಿಲಿನಿಂದ ಮುಂದಕ್ಕೆ ಹೋಗುತ್ತಾರೆ, ಚಟುವಟಿಕೆ ಕಾರ್ಡನ್ನು ತಾವೇ ತೆಗೆದುಕೊಳ್ಳುತ್ತಾರೆ. ನೇಪಾಳದ ಬೆಟ್ಟದ ಊರುಗಳಲ್ಲಿ, ಮಕ್ಕಳ ಸಂಖ್ಯೆ ಕಡಿಮೆ ಇರುವ ಶಾಲೆಗಳಲ್ಲಿ, ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವುದು ಇವತ್ತಿಗೂ ಇದೆ. ಅಲ್ಲಿನ ಮುಖ್ಯ ಶಿಕ್ಷಕರಿಗೆ ‘ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ’ ಎಂದು ಬರೆಯುವುದಕ್ಕಿಂತ ‘ಬಹುವರ್ಗ ಬೋಧನೆಯಲ್ಲಿ ಇಷ್ಟು ವಾರ ಕೆಲಸ ಮಾಡಿದ್ದೇನೆ, ನಾನೇ ಮಾಡಿದ ಕಾರ್ಡುಗಳು ಇಲ್ಲಿವೆ’ ಎಂದು ಬರೆಯುವುದು ಹೆಚ್ಚು ಉಪಯೋಗದ ಮಾತು. ಸರ್ಕಾರಿ ಶಾಲೆಯಲ್ಲಿ ಓದಿದ, ಸರ್ಕಾರಿ ಶಾಲೆಯಲ್ಲಿ ಬೋಧನಾಭ್ಯಾಸ ಮಾಡಿದ ಹಳ್ಳಿಯ ವಿದ್ಯಾರ್ಥಿಗಳು ಇದನ್ನು ತಮ್ಮ ಕೊರತೆ ಎಂದುಕೊಳ್ಳುತ್ತಾರೆ. ಅದೇ ಅವರ ಬಂಡವಾಳ.

ಎಲ್ಲಿಗೆ, ಯಾವ ದಾರಿಯಲ್ಲಿ

ಮೊದಲ ಸಲ ಹೋಗುವವರಿಗೆ ನಾನು ಹೇಳುವ ದೇಶ ನೇಪಾಳ. ಕಾರಣಗಳಿವೆ. ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋದರೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ತೋರಿಸಬೇಕು. ನಿಮ್ಮ ವಯಸ್ಸಿನವರಿಗೆ ಆಧಾರ್ ಕಾರ್ಡ್ ಒಂದೇ ಸಾಲದು. 1950ರ ಭಾರತ-ನೇಪಾಳ ಒಪ್ಪಂದದಿಂದಾಗಿ ಅಲ್ಲಿ ಉಳಿದುಕೊಳ್ಳುವುದಕ್ಕೆ, ಕೆಲಸ ಮಾಡುವುದಕ್ಕೆ ಬೇರೆ ದೇಶದವರಿಗಿರುವ ಕಟ್ಟುಪಾಡು ನಮಗಿಲ್ಲ. ಮೂರನೇ ಭಾಷೆಯಾಗಿ ಹಿಂದಿ ಓದಿದ ನಮ್ಮ ಮಕ್ಕಳಿಗೆ ದೇವನಾಗರಿ ಲಿಪಿ ಗೊತ್ತು, ನೇಪಾಳಿ ಪುಸ್ತಕವನ್ನು ಮೊದಲ ದಿನವೇ ಅಕ್ಷರ ಕೂಡಿಸಿ ಓದಬಹುದು. ಅಲ್ಲಿನ ಶಾಲಾ ವರ್ಷ ವೈಶಾಖದಲ್ಲಿ, ಅಂದರೆ ಏಪ್ರಿಲ್ ನಡುವಿನಲ್ಲಿ ಶುರುವಾಗುತ್ತದೆ. ನಮ್ಮಲ್ಲಿ ಅದು ಬೇಸಿಗೆ ರಜೆಯ ಕಾಲ.

ಭೂತಾನ್ ಎಂದೊಡನೆ ಹಲವರಿಗೆ ಆಸೆ. 1960ರ ದಶಕದಿಂದ ಭಾರತದ ಶಿಕ್ಷಕರು, ಅದರಲ್ಲೂ ಕೇರಳದವರು, ಅಲ್ಲಿನ ಶಾಲೆಗಳಲ್ಲಿ ದುಡಿದಿದ್ದಾರೆ. ಅವರನ್ನು ನೆನೆಯುವ ಹಳೆಯ ವಿದ್ಯಾರ್ಥಿಗಳು ಇಂದಿಗೂ ಇದ್ದಾರೆ. ಆದರೆ ಅದು ಸರ್ಕಾರದ ಮೂಲಕ ನಡೆಯುವ ನೇಮಕಾತಿಯ ದಾರಿ. ಪ್ರವಾಸಿಯಾಗಿ ಹೋದರೆ ಭಾರತೀಯರು ದಿನಕ್ಕೆ 1200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕೊಡಬೇಕು, ಪಾಠ ಮಾಡುವ ಅನುಮತಿ ಅದರಲ್ಲಿ ಸೇರಿಲ್ಲ. ಅಲ್ಲಿನ ಶಾಲೆಗಳಿಗೆ ಚಳಿಗಾಲದ ದೀರ್ಘ ರಜೆ ಬರುವುದು ಡಿಸೆಂಬರ್ ಕೊನೆಯಿಂದ. ಆಗ ಹೋದರೆ ಬಾಗಿಲು ಹಾಕಿದ ಶಾಲೆ ನೋಡಿಕೊಂಡು ಬರಬೇಕಾಗುತ್ತದೆ. ಯಾವ ದೇಶವಾದರೂ ಸರಿ, ಟಿಕೆಟ್ ಮಾಡಿಸುವ ಮೊದಲು ಅಲ್ಲಿನ ಶಾಲಾ ಕ್ಯಾಲೆಂಡರ್ ನೋಡಿ. ಜಪಾನಿನಲ್ಲಿ ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲಿ, ಅಮೆರಿಕ ಮತ್ತು ಯುರೋಪಿನಲ್ಲಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ.

ಒಂದು ವರ್ಷ ಬಿಡುವು ಮಾಡಿಕೊಳ್ಳಬಲ್ಲವರಿಗೆ ಜರ್ಮನಿಯ ‘ವೆಲ್ಟ್‌ವೆರ್ಟ್ಸ್’ ಯೋಜನೆಯನ್ನು ಗಟ್ಟಿಯಾಗಿ ಶಿಫಾರಸು ಮಾಡುತ್ತೇನೆ. ಜರ್ಮನ್ ಸರ್ಕಾರ 2008ರಲ್ಲಿ ಶುರುಮಾಡಿದಾಗ ಇದು ಜರ್ಮನ್ ಯುವಜನರನ್ನು ನಮ್ಮಂಥ ದೇಶಗಳಿಗೆ ಕಳಿಸುವ ಯೋಜನೆಯಷ್ಟೇ ಆಗಿತ್ತು. 2013ರಿಂದ ನಮ್ಮಂಥ ದೇಶಗಳ ಯುವಜನರೂ ಅಲ್ಲಿಗೆ ಹೋಗುವ ದಾರಿ ತೆರೆಯಿತು. 18ರಿಂದ 29 ವರ್ಷದೊಳಗಿನವರು ಹೋಗಿ ಶಿಶುವಿಹಾರ, ಶಾಲೆ, ಅಂಗವಿಕಲ ಮಕ್ಕಳ ಕೇಂದ್ರಗಳಲ್ಲಿ ಕೆಲಸ ಮಾಡುತ್ತಾರೆ. ವಸತಿ, ಊಟ, ವಿಮೆ, ಕೈಖರ್ಚು, ಭಾಷಾ ತರಗತಿ ಎಲ್ಲದಕ್ಕೂ ಯೋಜನೆಯಲ್ಲಿ ವ್ಯವಸ್ಥೆ ಇದೆ. ನೇರವಾಗಿ ಅರ್ಜಿ ಹಾಕುವ ಪದ್ಧತಿಯಲ್ಲ. ಇಲ್ಲಿನ ಪಾಲುದಾರ ಸಂಸ್ಥೆಯೊಂದು ನಿಮ್ಮನ್ನು ಕಳಿಸಬೇಕು. ಬೆಂಗಳೂರಿನ ಎಫ್‌ಎಸ್‌ಎಲ್ ಇಂಡಿಯಾ ಬಹುಕಾಲದಿಂದ ಯುವ ಸ್ವಯಂಸೇವಕರ ವಿನಿಮಯ ನಡೆಸುತ್ತಿರುವ ಸಂಸ್ಥೆ, ಕುಂದಾಪುರದ ಕಡಲಾಮೆ ಸಂರಕ್ಷಣೆಯ ಕೆಲಸದಿಂದ ಕರಾವಳಿಯವರಿಗೆ ಪರಿಚಿತ. ಇಂಥವರ ಬಳಿ ವಿಚಾರಿಸಿ. ಜರ್ಮನ್ ಭಾಷೆಯ ಮೊದಲ ಹಂತವನ್ನಾದರೂ ಈಗಿನಿಂದಲೇ ಕಲಿಯಲು ತೊಡಗಿ.

ಆರರಿಂದ ಎಂಟು ವಾರಗಳ ಅವಧಿಗೆ ಹೋಗಬೇಕೆನ್ನುವವರಿಗೆ 1948ರಲ್ಲಿ ಹುಟ್ಟಿದ ಐಸೆಕ್ ಎಂಬ ವಿದ್ಯಾರ್ಥಿ ಸಂಘಟನೆಯ ‘ಗ್ಲೋಬಲ್ ವಾಲಂಟಿಯರ್’ ಇದೆ. 18ರಿಂದ 30 ವರ್ಷದವರಿಗೆ. ಶಿಕ್ಷಣಕ್ಕೆ ಸಂಬಂಧಿಸಿದ ಯೋಜನೆಗಳು ಅದರಲ್ಲಿ ಹಲವಿವೆ, ನಡೆಸುವವರೂ ವಿದ್ಯಾರ್ಥಿಗಳೇ. ಶುಲ್ಕ, ವಿಮಾನದ ಖರ್ಚು ನಿಮ್ಮದು. ಯೋಜನೆಯ ಗುಣಮಟ್ಟ ಊರಿಂದೂರಿಗೆ ಬದಲಾಗುತ್ತದೆ, ಆದ್ದರಿಂದ ಹಿಂದಿನ ವರ್ಷ ಅದೇ ಶಾಲೆಗೆ ಹೋಗಿ ಬಂದವರೊಂದಿಗೆ ಫೋನಿನಲ್ಲಿ ಮಾತಾಡದೆ ಹಣ ಕಟ್ಟಬೇಡಿ.

ಬ್ರಿಟನ್ನಿಗೆ ನೆಂಟರ ಮನೆಗೆ ಹೋದಾಗ ಒಂದಿಷ್ಟು ದಿನ ಶಾಲೆಗೂ ಹೋಗಿಬರೋಣ ಎನ್ನುವವರು ನಿಯಮ ತಿಳಿದಿರಬೇಕು. ಸಾಮಾನ್ಯ ಸಂದರ್ಶಕ ವೀಸಾದಲ್ಲಿ ನೋಂದಾಯಿತ ದತ್ತಿ ಸಂಸ್ಥೆಯೊಂದಕ್ಕೆ ಒಟ್ಟು 30 ದಿನದವರೆಗೆ ಸ್ವಯಂಸೇವೆ ಮಾಡಬಹುದು, ಆದರೆ ಪ್ರವಾಸದ ಮುಖ್ಯ ಉದ್ದೇಶ ಅದಾಗಿರಬಾರದು. ಅದೇ ಉದ್ದೇಶವಾದರೆ ‘ಚಾರಿಟಿ ವರ್ಕರ್’ ವೀಸಾ ಬೇಕು. ಅದಕ್ಕೆ ಅಲ್ಲಿನ ಸಂಸ್ಥೆಯ ಪ್ರಾಯೋಜನೆ ಬೇಕು, ಅವಧಿ ಹೆಚ್ಚೆಂದರೆ 12 ತಿಂಗಳು, ಸಂಬಳ ಪಡೆಯುವಂತಿಲ್ಲ. ಥಾಯ್ಲೆಂಡಿನಲ್ಲಂತೂ ಸಂಬಳವಿಲ್ಲದ ಸೇವೆಗೂ ಕೆಲಸದ ಪರವಾನಗಿ ಬೇಕು. ‘ಟೂರಿಸ್ಟ್ ವೀಸಾದಲ್ಲಿ ಬನ್ನಿ, ಉಳಿದದ್ದು ನಾವು ನೋಡ್ಕೋತೀವಿ’ ಎನ್ನುವವರ ಮಾತು ಕೇಳಿ ಹೋದರೆ ಅಲ್ಲಿ ಸಿಕ್ಕಿಬೀಳುವುದು ನೀವು, ಅವರಲ್ಲ.

ಅಮೆರಿಕದ ದಾರಿಗಳಲ್ಲಿ ಮರ್ಯಾದೆಯದ್ದು ಫುಲ್‌ಬ್ರೈಟ್. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಇದೇ ವಿದ್ಯಾರ್ಥಿವೇತನದ ಮೇಲೆ. ಯುವ ಶಿಕ್ಷಕರಿಗಾಗಿ ಇದರಲ್ಲಿ ವಿದೇಶಿ ಭಾಷಾ ಬೋಧನಾ ಸಹಾಯಕರ ವಿಭಾಗವೊಂದಿದೆ. 21ರಿಂದ 29 ವರ್ಷದ ಪದವೀಧರರು ಒಂಬತ್ತು ತಿಂಗಳು ಅಮೆರಿಕದ ಕಾಲೇಜಿನಲ್ಲಿ ತಮ್ಮ ಭಾಷೆ ಕಲಿಸುತ್ತಾ, ತಾವೂ ಒಂದೆರಡು ವಿಷಯ ಓದುತ್ತಾರೆ. ಭಾರತದಲ್ಲಿ ಇದನ್ನು ನೋಡಿಕೊಳ್ಳುವ ಪ್ರತಿಷ್ಠಾನ 1950ರಿಂದ ಇದೆ, ಕರ್ನಾಟಕದವರು ಸಂಪರ್ಕಿಸಬೇಕಾದ್ದು ಅದರ ಚೆನ್ನೈ ಕಚೇರಿಯನ್ನು. ಯಾವ ಭಾಷೆಗಳಿಗೆ ಅವಕಾಶ ಇದೆ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕೆಂಬ ಷರತ್ತೂ ಇದೆ. ಕಲಿತದ್ದು ಇಲ್ಲಿಗೂ ಸಿಗಲಿ ಎಂಬ ಆ ಷರತ್ತು ನನಗೆ ಸರಿಯಾಗಿಯೇ ಕಾಣುತ್ತದೆ.

ಹೊರನಾಡಿನ ಕನ್ನಡ ಶಾಲೆಗಳ ವಿಷಯವನ್ನು ಬೇರೆಯಾಗಿ ಹೇಳಬೇಕು. ಅಮೆರಿಕದ ಹಲವು ನಗರಗಳಲ್ಲಿ, ದುಬೈಯಲ್ಲಿ, ಬ್ರಿಟನ್ನಿನಲ್ಲಿ ವಾರಾಂತ್ಯದ ಕನ್ನಡ ತರಗತಿಗಳು ನಡೆಯುತ್ತವೆ. ಕಲಿಸುವವರು ಹೆಚ್ಚಾಗಿ ಅಲ್ಲೇ ನೆಲೆಸಿದ ತಂದೆತಾಯಂದಿರು, ವಾರವಿಡೀ ಬೇರೆ ಉದ್ಯೋಗ ಮಾಡಿ ಶನಿವಾರ ಭಾನುವಾರ ಮಕ್ಕಳನ್ನು ಸೇರಿಸಿಕೊಂಡು ಅ ಆ ಇ ಈ ಹೇಳಿಕೊಡುತ್ತಾರೆ. ಅವರಲ್ಲಿ ಪ್ರೀತಿ ಬೇಕಾದಷ್ಟಿದೆ, ಬೋಧನಾ ತರಬೇತಿ ಎಲ್ಲರಿಗೂ ಇಲ್ಲ. ನಿಮ್ಮಲ್ಲಿ ತರಬೇತಿ ಇದೆ. ಊರಲ್ಲಿ ಕುಳಿತೇ ಅವರಿಗೆ ಪಾಠಯೋಜನೆ ಮಾಡಿಕೊಡಬಹುದು, ಓದುವ ಕಾರ್ಡು ಬರೆದುಕೊಡಬಹುದು, ಮಕ್ಕಳೊಂದಿಗೆ ವಿಡಿಯೊ ಕರೆಯಲ್ಲಿ ಕನ್ನಡ ಮಾತಾಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಹತ್ತಾದಾಗ ನಮಗೆ ರಾತ್ರಿ ಹತ್ತೂವರೆ, ಅವರ ಚಳಿಗಾಲದಲ್ಲಿ ಹನ್ನೊಂದೂವರೆ. ದುಬೈಯಲ್ಲಿ ಹತ್ತಾದಾಗ ಹನ್ನೊಂದೂವರೆ ಹಗಲು. ಅರೇಹಳ್ಳಿ ಸುತ್ತಿನ ತೋಟದ ಮನೆಗಳಲ್ಲಿ ಸಂಜೆಯ ಮೇಲೆ ನೆಟ್‌ವರ್ಕ್ ಹೇಗಿರುತ್ತದೆ, ಕರೆಂಟ್ ಯಾವಾಗ ಹೋಗುತ್ತದೆ ಎಂಬುದು ನಿಮಗೇ ಗೊತ್ತು, ಆದ್ದರಿಂದ ದುಬೈ ಮಕ್ಕಳಿಂದ ಶುರುಮಾಡುವುದು ಸುಲಭ. ಇದಕ್ಕೆ ವೀಸಾ ಬೇಡ, ಸಾಲ ಬೇಡ. ಮುಂದೆ ಯಾವ ದೇಶಕ್ಕೆ ಅರ್ಜಿ ಹಾಕಿದರೂ ಈ ಅನುಭವವನ್ನು ಧೈರ್ಯವಾಗಿ ಬರೆದುಕೊಳ್ಳಬಹುದು.

ಕಾಗದಪತ್ರದ ಕೆಲಸ

ಪಾಸ್‌ಪೋರ್ಟ್‌ಗೆ ಈಗ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ವ್ಯವಸ್ಥೆ 2017ರ ಜನವರಿಯಲ್ಲಿ ಮೈಸೂರಿನಿಂದಲೇ ಮೊದಲಾಯಿತು, ಹಾಸನದಲ್ಲೂ ಅಂಥ ಕೇಂದ್ರವಿದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ 1500 ರೂಪಾಯಿ, ತತ್ಕಾಲ್ ಆದರೆ ಅದರ ಮೇಲೆ 2000. ಹತ್ತು ವರ್ಷ ನಡೆಯುತ್ತದೆ.

ನಮ್ಮ ಕಡೆಯವರು ಸಿಕ್ಕಿಹಾಕಿಕೊಳ್ಳುವುದು ಹೆಸರಿನ ಇನಿಷಿಯಲ್‌ನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆಯೋ ಹಿಂದೆಯೋ ಊರಿನದೊಂದು, ತಂದೆಯದೊಂದು ಅಕ್ಷರ. ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಪದವಿ ಪ್ರಮಾಣಪತ್ರದಲ್ಲಿ ಕಾಗುಣಿತ ಬೇರೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಬರೆಯಬೇಕು. ಆ ಬಿಡಿಸಿದ ಹೆಸರಿಗೂ ಉಳಿದ ದಾಖಲೆಗಳಿಗೂ ತಾಳೆಯಾಗದಿದ್ದರೆ ಮುಂದೆ ವೀಸಾ ಕಚೇರಿಯಲ್ಲಿ ಅಫಿಡವಿಟ್ಟು, ತಿದ್ದುಪಡಿ ಎಂದು ತಿಂಗಳುಗಳು ಹೋಗುತ್ತವೆ. ಅರ್ಜಿ ತುಂಬುವ ಮೊದಲು ಎಸ್‌ಎಸ್‌ಎಲ್‌ಸಿ, ಪಿಯುಸಿ, ಪದವಿ, ಆಧಾರ್, ಪ್ಯಾನ್ ಇವಿಷ್ಟನ್ನೂ ಮೇಜಿನ ಮೇಲೆ ಒಟ್ಟಿಗೆ ಹರಡಿಕೊಂಡು ಒಂದೊಂದೇ ಅಕ್ಷರ ಹೋಲಿಸಿ. ಆಧಾರ್ ತಿದ್ದಿಸಬೇಕಾದರೆ ಮೊದಲು ಅದನ್ನು ತಿದ್ದಿಸಿ. ಅಂಕಪಟ್ಟಿ ಲಗತ್ತಿಸುವುದನ್ನೂ ಮರೆಯಬೇಡಿ, ಹತ್ತನೇ ತರಗತಿ ಪಾಸಾದವರಿಗೆ ವಲಸೆ ತಪಾಸಣೆಯಿಂದ ವಿನಾಯಿತಿ ಇದೆ.

ಮಕ್ಕಳ ನಡುವೆ ಕೆಲಸ ಮಾಡುವವರಿಂದ ಹೆಚ್ಚಿನ ಒಳ್ಳೆಯ ಸಂಸ್ಥೆಗಳು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುತ್ತವೆ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ, ಶುಲ್ಕ 500 ರೂಪಾಯಿ, ವಿಚಾರಣೆ ನಿಮ್ಮ ಠಾಣೆಯಿಂದ. ಕೇಳಿದರೆಂದು ಬೇಸರಪಡಬೇಡಿ. ಕೇಳದಿದ್ದರೆ ಅನುಮಾನಪಡಿ. ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳಿಗೆ ಅಪೊಸ್ಟಿಲ್ ಮುದ್ರೆ ಬೇಕೆಂದು ಕೆಲವು ದೇಶಗಳು ಹೇಳುತ್ತವೆ; ಭಾರತ 2005ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ. ಮೊದಲು ರಾಜ್ಯ ಮಟ್ಟದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಸಚಿವಾಲಯದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ, ಸೇವಾ ಶುಲ್ಕ ಬೇರೆ. ಇದಕ್ಕೆ ಸಾವಿರಗಟ್ಟಲೆ ಕೇಳುವವರಿಗೆ ಕೈಮುಗಿದು ಬನ್ನಿ.

ಕೀನ್ಯಾ, ಉಗಾಂಡಾದಂಥ ದೇಶಕ್ಕೆ ಹೊರಟವರು ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಅಧಿಕೃತ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರವಿಲ್ಲದೆ ಮರಳಿದರೆ ಇಲ್ಲಿನ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಗಿ ಇರಿಸಿಕೊಳ್ಳುತ್ತಾರೆ.

ಎಲ್ಲಿ ಹುಷಾರಾಗಿರಬೇಕು

ಎರಡು ಕಡೆ. ಒಂದು, ಕೆಲಸದ ಹೆಸರಿನ ಮೋಸ. ‘ಥಾಯ್ಲೆಂಡಿನಲ್ಲಿ ಕೆಲಸ, ಊಟ ವಸತಿ ಉಚಿತ, ನಾಳೆಯೇ ಹೊರಡಿ’ ಎಂಬ ಸಂದೇಶ ನಂಬಿ ಹೋದ ಭಾರತೀಯ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿ ಕಡೆಯ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ್ದರು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಐನೂರಕ್ಕೂ ಹೆಚ್ಚು ಮಂದಿಯನ್ನು ಸರ್ಕಾರ ವಾಪಸು ಕರೆತಂದಿತು. ವಿದೇಶಿ ಉದ್ಯೋಗಕ್ಕೆ ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ, ಹೆಸರು ‘ಇ-ಮೈಗ್ರೇಟ್’ ತಾಣದಲ್ಲಿ ಸಿಗಬೇಕು, ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ತೆರಿಗೆಯ ಮಿತಿ ಇದೆ. ಶಾಲೆಯ ಹೆಸರು, ವಿಳಾಸ, ಮುಖ್ಯ ಶಿಕ್ಷಕರ ಸಹಿಯಿರುವ ಪತ್ರ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪತ್ರ ಬಂದ ಮೇಲೆ ಶಾಲೆಗೇ ಫೋನ್ ಮಾಡಿ ಕೇಳಿ. ಹೋದ ಮೇಲೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ, ಮನೆಯವರಿಗೆ ಆ ಕಚೇರಿಯ ನಂಬರ್ ಕೊಟ್ಟಿರಿ.

ಎರಡನೆಯದು ಅನಾಥಾಶ್ರಮ. ನೇಪಾಳದಲ್ಲಿ ಪ್ರವಾಸಿಗರು ಹೆಚ್ಚು ಬರುವ ಕಠ್ಮಂಡು, ಪೊಖರಾ ಸುತ್ತಮುತ್ತಲೇ ಮಕ್ಕಳ ಆಶ್ರಮಗಳು ಹೆಚ್ಚಿವೆ. ಅಲ್ಲಿರುವ ಬಹಳಷ್ಟು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ. ಒಳ್ಳೆಯ ಶಾಲೆಗೆ ಸೇರಿಸುತ್ತೇವೆಂದು ಹಳ್ಳಿಗಳಿಂದ ಕರೆತಂದ ಮಕ್ಕಳು ಅವರು. ಹಣ ಕೊಟ್ಟು ಸೇವೆಗೆ ಬರುವ ವಿದೇಶಿಯರು ಇರುವ ತನಕ ಅಂಥ ಆಶ್ರಮಕ್ಕೆ ಮಕ್ಕಳು ಬೇಕಾಗುತ್ತಲೇ ಇರುತ್ತಾರೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಕಾಯ್ದೆ ತಂದಾಗ ಅನಾಥಾಶ್ರಮಗಳಿಗೆ ಹೀಗೆ ಮಕ್ಕಳನ್ನು ಸಾಗಿಸುವುದನ್ನೂ ಅದರ ವ್ಯಾಪ್ತಿಯಲ್ಲೇ ಪರಿಗಣಿಸಿತು. ದಯವಿಟ್ಟು ಆಶ್ರಮಕ್ಕೆ ಹೋಗಬೇಡಿ, ಮಕ್ಕಳು ಬೆಳಿಗ್ಗೆ ಮನೆಯಿಂದ ಬಂದು ಸಂಜೆ ಮನೆಗೆ ಮರಳುವ ಶಾಲೆಗೆ ಹೋಗಿ. ಯಾವ ಮಗುವನ್ನೂ ಒಂಟಿಯಾಗಿ ಕೋಣೆಯಲ್ಲಿ ಕೂರಿಸಿಕೊಳ್ಳಬೇಡಿ. ಮಕ್ಕಳ ಮುಖ ಕಾಣುವ ಚಿತ್ರವನ್ನು ನಿಮ್ಮ ಫೋನಿನಿಂದ ಎಲ್ಲಿಗೂ ಹಾಕಬೇಡಿ. ಊರಿನ ಶಾಲೆಯಲ್ಲೂ ಪಾಲಿಸಬೇಕಾದ ನಿಯಮಗಳೇ ಇವು.

ಚೀಲದಲ್ಲಿ ಏನಿರಲಿ

ಹೊರದೇಶದ ಮಕ್ಕಳು ನಿಮ್ಮನ್ನು ಮೊದಲು ಕೇಳುವುದು ನಿಮ್ಮ ಊರಿನ ಬಗ್ಗೆ. ‘ಭಾರತದ ಸಂಸ್ಕೃತಿ’ ಎಂದು ದೊಡ್ಡ ಭಾಷಣ ಬೇಡ. ಅರೇಹಳ್ಳಿಯವರಿಗೆ ಹೇಳಲು ಕಾಫಿಯೊಂದೇ ಸಾಕು. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟವಿಡೀ ಬೆಳ್ಳಗಾದ ಚಿತ್ರ, ಮಳೆಗಾಲದ ಹಸಿರು ಕಾಯಿ, ಡಿಸೆಂಬರ್‌ನ ಕೆಂಪು ಹಣ್ಣು, ಪಲ್ಪರ್, ಕಣದಲ್ಲಿ ಒಣಗುತ್ತಿರುವ ಬೀಜ, ಕೊನೆಗೆ ಲೋಟ. ಹೀಗೆ ಏಳೆಂಟು ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಲ್ಯಾಮಿನೇಟ್ ಮಾಡಿಸಿಕೊಳ್ಳಿ. ಕಲಸಿ ಕೊಟ್ಟು ‘ಯಾವುದು ಮೊದಲು, ಯಾವುದು ಆಮೇಲೆ’ ಜೋಡಿಸಿ ಎಂದರೆ ಒಂದನೇ ತರಗತಿಗೆ ಅದು ಕ್ರಮದ ಪಾಠ, ನಾಲ್ಕನೇ ತರಗತಿಗೆ ಸಸ್ಯದ ಪಾಠ, ಎಂಟನೇ ತರಗತಿಗೆ ವ್ಯಾಪಾರದ ಪಾಠ. ಹಸಿ ಬೀಜ, ಸಸಿ, ಕಾಳುಮೆಣಸಿನ ಬಳ್ಳಿ ಒಯ್ಯಬೇಡಿ, ಸಸ್ಯ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ.

ಆನೆಯ ಬಗ್ಗೆಯೂ ಕೇಳುತ್ತಾರೆ. ಅರೇಹಳ್ಳಿ-ಬಿಕ್ಕೋಡು ಸುತ್ತಿನ ತೋಟಗಳಲ್ಲಿ ಕಾಡಾನೆ ಓಡಾಡುವುದು, ಜೀವಹಾನಿ ಆಗಿರುವುದು, ಮಕ್ಕಳನ್ನು ಒಂಟಿಯಾಗಿ ಶಾಲೆಗೆ ಕಳಿಸಲು ತಾಯಂದಿರು ಹೆದರುವುದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮೃಗಾಲಯದ ಆನೆ ಮಾತ್ರ ನೋಡಿದ ಮಗುವಿಗೆ ಅದು ಬೇರೆಯೇ ಪಾಠ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ, ಅವುಗಳಲ್ಲಿ ಎರಡು ನಿಮ್ಮ ತಾಲ್ಲೂಕಿನವೇ. ನಕ್ಷತ್ರಾಕಾರದ ಜಗಲಿಯ ನಕ್ಷೆಯೊಂದನ್ನು ಕಾಗದದಲ್ಲಿ ಚೌಕ ತಿರುಗಿಸಿ ತಿರುಗಿಸಿ ಬರೆಯಿಸಿದರೆ ಅರ್ಧ ಗಂಟೆಯ ಒಳ್ಳೆಯ ಜ್ಯಾಮಿತಿ ತರಗತಿ. ಹೊರಡುವ ಮೊದಲು ಯಾವುದಾದರೂ ಭಾನುವಾರ ಹಳೇಬೀಡಿಗೆ ಹೋಗಿ, ಬರುವ ವಿದೇಶಿ ಪ್ರವಾಸಿಗರಿಗೆ ಒಂದು ಗೋಡೆಯ ಕೆತ್ತನೆಯ ಸಾಲನ್ನು ಸರಳ ಇಂಗ್ಲಿಷ್‌ನಲ್ಲಿ ವಿವರಿಸಿ ನೋಡಿ. ಸಂಕೋಚ ಬಿಡಿಸಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಹೊರದೇಶದ ಶಾಲೆಯಲ್ಲಿ ಪ್ರತಿದಿನ ಒಂದು ದಿನಚರಿ ಬರೆಯಿರಿ: ಯಾವ ಪಾಠ, ಯಾವ ಮಗು ಎಲ್ಲಿ ನಿಂತಿತು, ಅಲ್ಲಿನ ಶಿಕ್ಷಕರು ಅದನ್ನು ಹೇಗೆ ದಾಟಿಸಿದರು. ಕೊನೆಯ ದಿನ ಮುಖ್ಯ ಶಿಕ್ಷಕರಿಂದ ದಿನಾಂಕ, ತರಗತಿ, ಮಾಡಿದ ಕೆಲಸ ನಮೂದಿಸಿದ ಪತ್ರ ಪಡೆಯಿರಿ. ಹೊಗಳಿಕೆಯ ಪತ್ರಕ್ಕಿಂತ ವಿವರದ ಪತ್ರಕ್ಕೆ ಬೆಲೆ ಹೆಚ್ಚು. ಒಂದು ಮಾತು ನೆನಪಿರಲಿ: ಈ ಅನುಭವ ಸರ್ಕಾರಿ ಶಿಕ್ಷಕರ ನೇಮಕಾತಿಯಲ್ಲಿ ಅಂಕ ತಂದುಕೊಡುವುದಿಲ್ಲ. ಅಲ್ಲಿಗೆ ಟಿಇಟಿ, ಸಿಇಟಿ ಬರೆಯಲೇಬೇಕು. ಉಳಿದ ಶಾಲೆಗಳ ಸಂದರ್ಶನದಲ್ಲಿ, ಮುಂದಿನ ಓದಿನ ಅರ್ಜಿಯಲ್ಲಿ ಖಂಡಿತ ಕೆಲಸಕ್ಕೆ ಬರುತ್ತದೆ.

ಸಾಲ ಮಾಡಿ ಹೋಗಬೇಡಿ. ಅಪ್ಪನ ಕಾಫಿ ದುಡ್ಡು ಕೈಗೆ ಬರುವ ಮೊದಲೇ ಅದನ್ನು ಟಿಕೆಟ್ಟಿಗೆ ಲೆಕ್ಕ ಹಾಕಬೇಡಿ. ಈ ವರ್ಷ ಪಾಸ್‌ಪೋರ್ಟ್ ಮಾಡಿಸಿ. ಶಾಲೆ ತೆರೆದ ವಾರವೇ ನಿಮ್ಮ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕಂಡು, ಲೈನ್ ಮನೆಗಳಿಂದ ಬರುವ ಮಕ್ಕಳಿಗೆ ಕನ್ನಡ ಓದಿಸಲು ವಾರಕ್ಕೆ ಎರಡು ದಿನ ಬರುತ್ತೇನೆಂದು ಹೇಳಿ. ಯಾವ ಮುಖ್ಯ ಶಿಕ್ಷಕರೂ ಬೇಡ ಎನ್ನಲಾರರು. ಬರುವ ಏಪ್ರಿಲ್ ಹೊತ್ತಿಗೆ ನಿಮ್ಮ ಅರ್ಜಿಯಲ್ಲಿ ಬರೆಯಲು ನಿಜವಾದ ಕೆಲಸ ಇರುತ್ತದೆ.